ಬಾಯ್ಲರ್ ತರಗತಿಯ ಹನ್ನೆರಡು ಓದುಗರು

ಪ್ರಶ್ನೆಗಳು ಹದಿನಾರಿದ್ದವು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಒಂದನ್ನು ಬೆರಳಿನಿಂದ ಮುಟ್ಟಬೇಕು. “ಸರಿ ತಪ್ಪು ಅಂತ ಏನೂ ಇಲ್ಲ, ನಿಮಗೆ ಯಾವುದು ನಿಜ ಅನ್ಸುತ್ತೋ ಅದನ್ನ ಮುಟ್ಟಿ,” ಎಂದು ತರಬೇತಿ ಕೇಂದ್ರದ ಮೇಡಂ ಎರಡು ಸಲ ಹೇಳಿದರು.

ಬೆಂಚುಗಳ ಮೇಲೆ ಹನ್ನೆರಡು ಜನ ಟ್ಯಾಬ್ ಹಿಡಿದು ಕೂತಿದ್ದರು. ಎಲ್ಲರೂ ಬಾಯ್ಲರ್ ಕೋಣೆಗಳ ಸಹಾಯಕರು. ಹಾಲಿನ ಡೇರಿಯಿಂದ ಬಂದವರಿದ್ದರು, ಬಣ್ಣದ ಗಿರಣಿಯವರಿದ್ದರು, ರಟ್ಟಿನ ಕಾರ್ಖಾನೆಯವರಿದ್ದರು. ಹೆಂಗಸು ಒಬ್ಬಳೇ. ವಯಸ್ಸು ನಲವತ್ತೊಂದು, ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ವಾರ್ಡಿನ ನರ್ಸುಗಳಿಂದ ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಸ್ಟೀಮಕ್ಕ. ಐದು ವರ್ಷ ಹಾಸಿಗೆ ಬಟ್ಟೆ ಮಡಚಿ, ಆಮೇಲೆ ಆರು ವರ್ಷದಿಂದ ಬಾಯ್ಲರ್ ಮುಂದೆ ನಿಂತವಳು.

ತರಬೇತಿ ಆರು ವಾರದ್ದು, ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು. ಕೊನೆಯಲ್ಲಿ ಬಾಯ್ಲರ್ ನಡೆಸುವವರ ಪ್ರಮಾಣಪತ್ರದ ಪರೀಕ್ಷೆ. ಈ ವರ್ಷ ಪಾಠಗಳು ಟ್ಯಾಬ್‌ನಲ್ಲಿ ಬಂದಿದ್ದವು. ಒಂದೊಂದು ಪಾಠಕ್ಕೂ ನಾಲ್ಕು ರೂಪ: ಚಿತ್ರ, ಧ್ವನಿ, ಬರಹ, ಮತ್ತು ಪರದೆಯ ಮೇಲೆ ತಾವೇ ಮಾಡಿ ನೋಡುವ ಅಭ್ಯಾಸ. ಹದಿನಾರು ಪ್ರಶ್ನೆಗಳಿಗೆ ಕೊಟ್ಟ ಉತ್ತರ ನೋಡಿ, ಯಾರು ಯಾವ ರೀತಿಯಲ್ಲಿ ಕಲಿಯುವವರು ಎಂದು ಆ್ಯಪ್ ತೀರ್ಮಾನಿಸುತ್ತದೆ. ಅವರಿಗೆ ಆ ರೂಪದ ಪಾಠ ಮಾತ್ರ ತೆರೆದುಕೊಳ್ಳುತ್ತದೆ.

ಮೊದಲ ಪ್ರಶ್ನೆ ಹೀಗಿತ್ತು: ‘ನಿಮ್ಮ ಮುಂದೆ ಹೊಸ ಯಂತ್ರವಿದೆ. ಮೊದಲು ಏನು ಮಾಡುತ್ತೀರಿ? ಬೇರೆಯವರು ನಡೆಸುವುದನ್ನು ನೋಡುತ್ತೇನೆ. ಗೊತ್ತಿರುವವರನ್ನು ಕೇಳುತ್ತೇನೆ. ಕೈಪಿಡಿ ಓದುತ್ತೇನೆ. ಒಂದೊಂದೇ ಗುಂಡಿ ಒತ್ತಿ ನೋಡುತ್ತೇನೆ.’

“ಒಂದೊಂದೇ ಗುಂಡಿ ಒತ್ತಿ ನೋಡೋದಾ!” ಡೇರಿಯಿಂದ ಬಂದಿದ್ದ ದಪ್ಪ ಮೀಸೆಯವನು ತಲೆ ಎತ್ತಿದ. ಅವನನ್ನು ಎಲ್ಲರೂ ಡೇರಿಯಣ್ಣ ಅನ್ನುತ್ತಿದ್ದರು. “ಯಾರು ಮೇಡಂ ಇದನ್ನ ಬರೆದೋರು? ಅವರನ್ನ ಬಾಯ್ಲರ್ ಹತ್ರ ಬಿಡಬೇಡಿ.”

ಎಲ್ಲರೂ ನಕ್ಕರು. ಎಲ್ಲರೂ ‘ಕೈಪಿಡಿ ಓದುತ್ತೇನೆ’ ಮುಟ್ಟಿದರು. ಗೊತ್ತಿಲ್ಲದ ಬೀದಿಯಲ್ಲಿ ಮನೆ ಹುಡುಕುವುದು ಹೇಗೆ ಎಂಬ ಪ್ರಶ್ನೆಗೆ ‘ಬರೆದುಕೊಂಡ ವಿಳಾಸ ಓದಿಕೊಂಡು’ ಎಂದು ಒತ್ತಿದರು. “ಬಾಯಿಮಾತಿನ ಮೇಲೆ ಏನೂ ಮಾಡೋ ಹಾಗಿಲ್ಲ, ಬರವಣಿಗೇಲಿ ಇರ್ಬೇಕು,” ಎಂದು ಗಿರಣಿಯವನೊಬ್ಬ ಪಕ್ಕದವನಿಗೆ ಗಟ್ಟಿಯಾಗಿಯೇ ಹೇಳಿಕೊಟ್ಟ.

ಹತ್ತು ನಿಮಿಷದಲ್ಲಿ ಫಲಿತಾಂಶ ಬಂತು. ಹನ್ನೆರಡಕ್ಕೆ ಹನ್ನೆರಡೂ ಜನ ‘ಓದಿ ಕಲಿಯುವವರು’. ಮೇಡಂಗೆ ಇಪ್ಪತ್ತೆಂಟು ವರ್ಷ. ಈ ಕೇಂದ್ರದಲ್ಲಿ ಅವರಿಗೆ ಇದು ಮೂರನೇ ತಂಡ, ಬಾಯ್ಲರ್‌ನವರದು ಮೊದಲನೆಯದು. ಇಂಥ ಒಮ್ಮತ ಅವರು ಎಲ್ಲೂ ಕಂಡಿರಲಿಲ್ಲ. ಖುಷಿಯಿಂದ ಬರಹದ ಪಾಠಗಳನ್ನು ತೆರೆದುಕೊಟ್ಟರು. ಒಟ್ಟು ಮುನ್ನೂರ ನಲವತ್ತು ಪುಟ.

ಸ್ಟೀಮಕ್ಕ ಪುಟಗಳ ಸಂಖ್ಯೆಯನ್ನು ಇನ್ನೊಮ್ಮೆ ನೋಡಿದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ಓದಲು ಬರುತ್ತಿತ್ತು, ಆದರೆ ಬೆರಳಿಟ್ಟು, ಒಂದೊಂದೇ ಪದ ಕೂಡಿಸಿಕೊಂಡು. ಕಳೆದ ವರ್ಷ ಇದೇ ಪರೀಕ್ಷೆ ಬರೆದಿದ್ದಳು. ಇಪ್ಪತ್ತು ಬೇಕಿದ್ದ ಕಡೆ ಹದಿನಾಲ್ಕು ಬಂದಿತ್ತು. ಪರೀಕ್ಷೆ ವರ್ಷಕ್ಕೊಂದೇ ಸಲ. ಅವಳ ಮೇಲಿರುವ ದೊಡ್ಡ ಮೇಸ್ತ್ರಿ ಈ ಪರೀಕ್ಷೆ ನಡೆಯುವ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಪ್ರಮಾಣಪತ್ರ ಇದ್ದವರು ಕೋಣೆಯಲ್ಲಿ ಇಲ್ಲದೆ ಬಾಯ್ಲರ್ ಉರಿಸುವಂತಿಲ್ಲ, ಅದು ಕಾನೂನು. ಅವಳು ಪಾಸಾದರೆ ಬಾಯ್ಲರ್ ಅವಳದು. ಇಲ್ಲವಾದರೆ ಗುತ್ತಿಗೆದಾರ ತನ್ನ ಜನರನ್ನು ಕರೆತರುತ್ತಾನೆ, ಅವಳು ಮತ್ತೆ ಮಡಚುವ ಮೇಜಿಗೆ ಹೋಗುತ್ತಾಳೆ. ಸೂಪರಿಂಟೆಂಡೆಂಟರು ಅದನ್ನು ಒಳ್ಳೆಯ ಮಾತಿನಲ್ಲೇ ಹೇಳಿದ್ದರು. ಒಳ್ಳೆಯ ಮಾತಿನಲ್ಲಿ ಹೇಳಿದ್ದರಿಂದ ಅದು ಇನ್ನಷ್ಟು ಖಚಿತವಾಗಿ ಕೇಳಿಸಿತ್ತು.

ಆದರೂ ಟ್ಯಾಬ್ ಮನೆಗೆ ತಂದಳು. ದಿನಾ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಮೂರನೇ ದಿನ ಅತ್ತೆ ಎದುರು ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದರು.

“ಮೂರು ದಿನದಿಂದ ಅದೇ ಪುಟ ನೋಡ್ತಾ ಇದೀಯ,” ಅತ್ತೆ ಅಂದರು. “ಅದರ ಮೇಲೇನಾದ್ರೂ ಮನಸ್ಸಾಯ್ತಾ?”

“ಅತ್ತೆ, ಇದರಲ್ಲಿ ಸೇಫ್ಟಿ ವಾಲ್ವ್ ಬಗ್ಗೆ ಒಂಬತ್ತು ಪುಟ ಬರೆದಿದಾರೆ. ನಾನು ಆರು ವರ್ಷದಿಂದ ಅದನ್ನ ನೋಡ್ತಿದೀನಿ. ಇದನ್ನ ಓದಿದ ಮೇಲೆ ಅದು ಯಾವುದು ಅಂತಾನೇ ಮರೆತೋಯ್ತು.”

“ಹಾಗಿದ್ರೆ ಓದಬೇಡ.”

“ಓದದೆ ಇದ್ರೆ ಪಾಸಾಗಲ್ಲ.”

“ಹಾಗಿದ್ರೆ ಓದು,” ಎಂದು ಅತ್ತೆ ತೀರ್ಪು ಕೊಟ್ಟು, ಬಟಾಣಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಎರಡನೇ ವಾರದ ಕೊನೆಗೆ ತರಗತಿಯಲ್ಲೇ ಒಂದು ಪರೀಕ್ಷೆಯಾಯಿತು. ನಲವತ್ತಕ್ಕೆ ಸ್ಟೀಮಕ್ಕನಿಗೆ ಹನ್ನೊಂದು, ಡೇರಿಯಣ್ಣನಿಗೆ ಹದಿಮೂರು. ಇಪ್ಪತ್ತು ದಾಟಿದವರು ಇಬ್ಬರೇ. ಮೇಡಂ ಅಂಕಗಳ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಓದಿ ಕಲಿಯುವವರಿಗೆ ಓದುವ ಪಾಠವನ್ನೇ ಕೊಟ್ಟಿದ್ದೇನೆ, ಮತ್ತೆ ಯಾಕೆ ಹೀಗಾಯಿತು? ಅವರು ಆ್ಯಪ್ ನಂಬುವವರು, ಆದರೆ ಅಂಕಗಳನ್ನು ಅದಕ್ಕಿಂತ ಹೆಚ್ಚು ನಂಬುವವರು. ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಆಸ್ಪತ್ರೆಯ ಬಾಯ್ಲರ್ ಕೋಣೆಗೆ ಬಂದರು.

ಲಾಂಡ್ರಿಯ ಹಿಂದೆ, ಅಂಗಳ ದಾಟಿದರೆ ಆ ಕೋಣೆ. ನೆಲ ತೊಳೆದು ಒಣಗಿತ್ತು. ದೊಡ್ಡ ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಒತ್ತಡದ ಮಾಪಕ ನೋಡುತ್ತಿದ್ದರು; ಮುಳ್ಳು ಏಳರ ಮೇಲೆ ಅಲ್ಲಾಡದೆ ನಿಂತಿತ್ತು. ಬರ್ನರ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮೇಡಂ ಬಾಯ್ಲರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. “ಕೆಸರು ನೀರು ಹೊರಗೆ ಬಿಡೋ ಬ್ಲೋಡೌನ್ ವಾಲ್ವ್ ಇದೇನಾ?” ಎಂದು ಕೈ ಚಾಚಿದರು.

“ಕೈ!”

ಸ್ಟೀಮಕ್ಕ ಮೂರು ಹೆಜ್ಜೆ ದೂರದಲ್ಲಿದ್ದಳು. ಅಲ್ಲಿಂದಲೇ ಹಾರಿದಂತೆ ಬಂದು ಮೇಡಂ ಮುಂಗೈಗೆ ಪಟ್ಟನೆ ಹೊಡೆದಳು. ಹೊಡೆದ ಮೇಲೆ ತಾನು ಯಾರಿಗೆ ಹೊಡೆದೆ ಎಂದು ಗೊತ್ತಾಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ತಪ್ಪಾಯ್ತು ಮೇಡಂ. ಆದ್ರೆ ಇಲ್ಲಿ ಏನನ್ನೂ ಮುಟ್ಟಿ ನೋಡೋ ಹಾಗಿಲ್ಲ.” ಗೋಡೆ ಕಡೆ ಬೆರಳು ತೋರಿಸಿದಳು. ಅಲ್ಲಿ ಒಂದಡಿ ಎತ್ತರದ ಕೆಂಪು ಅಕ್ಷರದಲ್ಲಿ ಬರೆದಿತ್ತು: ಮುಟ್ಟುವ ಮುನ್ನ ಓದು.

ಮೇಡಂ ಆ ಫಲಕವನ್ನು ಓದಿದರು. ಮತ್ತೊಮ್ಮೆ ಓದಿದರು.

“ಇದು ಎಲ್ಲಾ ಬಾಯ್ಲರ್ ಕೋಣೇಲೂ ಇರುತ್ತಾ?”

“ಇರ್ಲೇಬೇಕಮ್ಮ,” ಮೇಸ್ತ್ರಿ ಸ್ಟೂಲಿನಿಂದಲೇ ಅಂದರು. “ಸೇರಿದ ಮೊದಲ ದಿನ ಇದನ್ನ ಬಾಯಿಪಾಠ ಮಾಡಿಸ್ತೀವಿ. ಮಲಗಿದ್ದೋನನ್ನ ಎಬ್ಬಿಸಿ ಕೇಳಿದ್ರೂ ಹೇಳ್ತಾನೆ.”

“ಹಾಗಿದ್ರೆ ಆ ಹದಿನಾರು ಪ್ರಶ್ನೆಗೆ ನೀವು…”

“ಡ್ಯೂಟೀಲಿ ಹೇಗಿರ್ಬೇಕೋ ಹಾಗೇ ಉತ್ತರ ಕೊಟ್ವಿ,” ಸ್ಟೀಮಕ್ಕ ಅಂದಳು. “ಸರ್ಟಿಫಿಕೇಟ್ ಕೊಡೋ ಜಾಗದಲ್ಲಿ ಗುಂಡಿ ಒತ್ತಿ ನೋಡ್ತೀನಿ ಅಂತ ಯಾರಾದ್ರೂ ಹೇಳ್ತಾರಾ ಮೇಡಂ?”

ಮೇಡಂ ಅಲ್ಲೇ ನಿಂತು ನಗಲು ಶುರುಮಾಡಿದರು. ನಗು ನಿಲ್ಲದೆ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿ ಆತಂಕದಿಂದ ಒಂದು ಲೋಟ ನೀರು ಕೊಟ್ಟರು.

ಅಂದು ಮಧ್ಯಾಹ್ನ ಹದಿನಾರು ಪ್ರಶ್ನೆಗಳನ್ನು ಮತ್ತೆ ಕೇಳಲಾಯಿತು. “ಈಗ ನೀವು ಡ್ಯೂಟಿ ಮೇಲಿಲ್ಲ. ಯೂನಿಫಾರ್ಮ್ ಬಿಚ್ಚಿಟ್ಟಿದೀರಿ, ಮನೇಲಿದೀರಿ, ಕೈಗೆ ಹೊಸ ಫೋನ್ ಬಂದಿದೆ. ಏನು ಮಾಡ್ತೀರಿ?”

“ಒತ್ತೋದೇ!” ಎಂದು ಐದಾರು ಜನ ಒಟ್ಟಿಗೆ ಕೂಗಿದರು.

ಫಲಿತಾಂಶ ಪೂರ್ತಿ ತಿರುಗಿತು. ಏಳು ಜನ ‘ಮಾಡಿ ಕಲಿಯುವವರು’, ಮೂವರು ‘ಕೇಳಿ ಕಲಿಯುವವರು’, ಇಬ್ಬರು ‘ನೋಡಿ ಕಲಿಯುವವರು’. ಓದಿ ಕಲಿಯುವವರು ಒಬ್ಬರೂ ಉಳಿಯಲಿಲ್ಲ. ಸ್ಟೀಮಕ್ಕ ಏಳು ಜನರಲ್ಲಿ ಒಬ್ಬಳು. ಅವಳ ಪರದೆಯ ಮೇಲೆ ಪುಟಗಳೆಲ್ಲ ಮಾಯವಾಗಿ, ಬಣ್ಣ ಬಣ್ಣದ ಬಾಯ್ಲರ್ ಒಂದು ಎದ್ದು ನಿಂತಿತು. ಬರ್ನರ್ ಉರಿಯುತ್ತಿತ್ತು, ಪಂಪು ತಿರುಗುತ್ತಿತ್ತು, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಕುಣಿಯುತ್ತಿತ್ತು. “ಅಯ್ಯೋ, ಎಷ್ಟು ಚೆನ್ನಾಗಿದೆ!” ಎಂದಳು. ಕೆಳಗೆ ಮೊದಲ ಅಭ್ಯಾಸ ಬರೆದಿತ್ತು: ‘ಪಂಪ್ ನಿಲ್ಲಿಸಿ. ನೀರನ್ನು ಕೆಂಪು ಗೆರೆಗಿಂತ ಕೆಳಗೆ ಇಳಿಸಿ. ಏನಾಗುತ್ತದೆ ನೋಡಿ.’

ಅವಳು ಟ್ಯಾಬನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತಳು.

ಹತ್ತು ನಿಮಿಷ ಬಿಟ್ಟು ಮೇಡಂ ನೋಡಿದರೆ ಏಳೂ ಜನ ಕೈಕಟ್ಟಿ ಕೂತಿದ್ದರು.

“ಯಾಕೆ, ಏನಾಯ್ತು?”

“ನಾನು ಒತ್ತಲ್ಲ ಮೇಡಂ,” ಸ್ಟೀಮಕ್ಕ ಅಂದಳು.

“ಇದು ಬೊಂಬೆ ಬಾಯ್ಲರ್ ಅಕ್ಕ. ಏನೂ ಆಗಲ್ಲ.”

“ಬೊಂಬೆ ಆದ್ರೂ ಬಾಯ್ಲರೇ ತಾನೇ. ನೀರು ಇಳಿಸು ಅಂದ್ರೆ ಹೇಗೆ ಇಳಿಸ್ಲಿ? ಕೈ ಬರಲ್ಲ.”

ಉಳಿದವರ ಪಾಡೂ ಹೆಚ್ಚುಕಡಿಮೆ ಇದೇ. ‘ಕೇಳಿ ಕಲಿಯುವ’ ಡೇರಿಯಣ್ಣನ ಕಿವಿಯಲ್ಲಿ ಒಂದು ಇಂಪಾದ ದನಿ ಗೇಜ್ ಗ್ಲಾಸ್ ಎಷ್ಟು ಉದ್ದ, ಅದನ್ನು ತೆರೆದು ಮುಚ್ಚುವ ಕಾಕ್ ಯಾವುದು ಎಲ್ಲಿರುತ್ತದೆ ಎಂದು ಹನ್ನೊಂದು ನಿಮಿಷ ವರ್ಣಿಸಿತು. ಏಳನೇ ನಿಮಿಷಕ್ಕೆ ಅವನ ಗೊರಕೆ ಕೇಳಿಸಿತು. ‘ನೋಡಿ ಕಲಿಯುವ’ ಗಿರಣಿಯವನಿಗೆ ಪೈಪಿನೊಳಗೆ ನೀರು ಬಡಿಯುವ ಪಾಠ ಬಂದಿತ್ತು. ಪೈಪಿನ ಚಿತ್ರ, ಅದರ ಸುತ್ತ ಅಲೆ ಅಲೆ ಗೆರೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಢಣ್ ಢಣ್’. ಸ್ಟೀಮಕ್ಕ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು.

“ಶಬ್ದಾನ ಬರೆದು ತೋರಿಸಿದಾರೆ, ನೋಡಬೇಕಾದ್ದನ್ನ ಡೇರಿಯಣ್ಣನಿಗೆ ಜೋಗುಳ ಹಾಡಿದಾರೆ. ಏಯ್ ಡೇರಿಯಣ್ಣ, ಏಳು! ನಿನ್ನ ಟ್ಯಾಬ್ ಇವನಿಗೆ ಕೊಡು, ಅವನದು ನೀನು ತಗೋ.”

“ಹಾಗೆ ಬದಲಾಯಿಸೋ ಹಾಗಿಲ್ಲ,” ಮೇಡಂ ಅಂದರು. “ಯಾರ ಸ್ವಭಾವಕ್ಕೆ ಯಾವುದು ಹೊಂದುತ್ತೋ…”

ಸ್ಟೀಮಕ್ಕ ತಡೆದಳು. ಒಮ್ಮೆ ಕೈಗೆ ಹೊಡೆದು ಆಗಿದ್ದರಿಂದ ಅವಳ ಸಂಕೋಚ ಅರ್ಧ ಹೋಗಿತ್ತು.

“ಮೇಡಂ, ನಮ್ಮ ಲಾಂಡ್ರಿಗೆ ದಿನಾ ಸಾವಿರ ಬಟ್ಟೆ ಬರುತ್ತೆ. ಬಾಗಿಲಲ್ಲೇ ಬೇರೆ ಬೇರೆ ಮಾಡ್ತೀವಿ. ಇದು ಯಾವ ರೋಗಿದು, ಅವರ ಸ್ವಭಾವ ಏನು, ಒಳ್ಳೇವರಾ ಸಿಡುಕರಾ ಅಂತ ಕೇಳ್ಕೊಂಡು ಕೂತ್ರೆ ಸಂಜೆ ಆಗುತ್ತೆ. ನಾವು ಕೊಳೆ ನೋಡ್ತೀವಿ. ರಕ್ತದ ಕಲೆಗೆ ಮೊದಲು ತಣ್ಣೀರು, ಜಿಡ್ಡಿಗೆ ಬಿಸಿನೀರು. ಸೂಪರಿಂಟೆಂಡೆಂಟ್ ಸಾಹೇಬ್ರ ಅಂಗಿ ಬಂದ್ರೂ ಅಷ್ಟೇ. ನೀವು ನಮ್ಮನ್ನ ಬೇರೆ ಬೇರೆ ಮಾಡ್ತಾ ಇದೀರಿ. ಪಾಠಾನ ಬೇರೆ ಮಾಡಿ ನೋಡಿ.”

ಮೇಡಂ ಕುರ್ಚಿ ಎಳೆದುಕೊಂಡು ಕೂತರು.

“ಅಂದ್ರೆ, ಶಬ್ದದ ಪಾಠ ಎಲ್ಲರೂ ಕೇಳೋದು. ಗೇಜಿನ ಪಾಠ ಎಲ್ಲರೂ ನೋಡೋದು.”

“ಹೂಂ.”

“ಮತ್ತೆ ಆ ಹದಿನಾರು ಪ್ರಶ್ನೆ?”

“ಅದು ಒಳ್ಳೇ ಟೈಮ್‌ಪಾಸ್ ಆಯ್ತು ಮೇಡಂ,” ಡೇರಿಯಣ್ಣ ಆಕಳಿಸುತ್ತ ಸಮಾಧಾನ ಹೇಳಿದ.

ಶಿಕ್ಷಕರ ಪಾಸ್‌ವರ್ಡ್ ಹಾಕಿದರೆ ನಾಲ್ಕೂ ರೂಪದ ಪಾಠಗಳು ತೆರೆಯುತ್ತಿದ್ದವು. ಮೇಡಂ ಅದನ್ನು ಹಾಕಿದರು. ಮುಂದಿನ ಎರಡು ದಿನ ತರಗತಿಯಲ್ಲಿ ಪಾಠ ನಡೆಯಲಿಲ್ಲ, ವಿಂಗಡಣೆ ನಡೆಯಿತು. ಒಟ್ಟು ಅರವತ್ತನಾಲ್ಕು ಪಾಠಗಳ ಹೆಸರನ್ನು ಚೀಟಿಗಳಲ್ಲಿ ಬರೆದು, ಸ್ಟೀಮಕ್ಕ ಲಾಂಡ್ರಿಯಿಂದ ತಂದ ನಾಲ್ಕು ಪ್ಲಾಸ್ಟಿಕ್ ಬುಟ್ಟಿಗಳಿಗೆ ಹಾಕಿದರು. ಜಗಳವೂ ಆಯಿತು. ಪಂಪು ಗಾಳಿ ಎಳೆಯುವುದನ್ನು ನೋಡಿ ತಿಳಿಯಬೇಕೋ ಕೇಳಿ ತಿಳಿಯಬೇಕೋ ಎಂದು ಡೇರಿಯಣ್ಣನೂ ಗಿರಣಿಯವನೂ ಮುಕ್ಕಾಲು ಗಂಟೆ ಕಿತ್ತಾಡಿದರು. ಆ ಮುಕ್ಕಾಲು ಗಂಟೆಯಲ್ಲಿ ಪಂಪಿನ ಬಗ್ಗೆ ಹೇಳಬೇಕಾದ್ದೆಲ್ಲ ಹೊರಗೆ ಬಂದಿತ್ತು ಎಂಬುದನ್ನು ಮೇಡಂ ಮಾತ್ರ ಗಮನಿಸಿದರು. ಕೊನೆಗೆ ಲೆಕ್ಕ ಹೀಗಾಯಿತು: ನೋಡುವ ಬುಟ್ಟಿಗೆ ಇಪ್ಪತ್ತಮೂರು, ಮಾಡುವ ಬುಟ್ಟಿಗೆ ಇಪ್ಪತ್ತೊಂದು, ಕೇಳುವ ಬುಟ್ಟಿಗೆ ಹನ್ನೊಂದು. ಓದುವ ಬುಟ್ಟಿಗೆ ಬಿದ್ದದ್ದು ಒಂಬತ್ತೇ. ಕಾನೂನು, ದಾಖಲೆ ಪುಸ್ತಕ ಬರೆಯುವ ಕ್ರಮ, ಇಂಥವು. ಅವು ಒಟ್ಟು ನಲವತ್ತು ಪುಟ.

“ನಲವತ್ತಾ?” ಸ್ಟೀಮಕ್ಕ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು. “ನಲವತ್ತು ಆದ್ರೆ ಬೆರಳಿಟ್ಟೇ ಮುಗಿಸ್ತೀನಿ.”

ನೀರು ಇಳಿಸುವ ಅಭ್ಯಾಸ ಮಾಡುವ ಬುಟ್ಟಿಯಲ್ಲೇ ಇತ್ತು, ಆದರೆ ಮಾಡಲು ಯಾರೂ ಮುಂದೆ ಬರಲಿಲ್ಲ. ಸರಿ, ನಾನೇ ಒತ್ತುತ್ತೇನೆ ಎಂದು ಮೇಡಂ ಟ್ಯಾಬನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿ ಪಂಪು ನಿಲ್ಲಿಸಿದರು. ಗೇಜಿನಲ್ಲಿ ನೀರು ಇಳಿಯತೊಡಗಿತು. ಹನ್ನೆರಡು ಜನ ಬೆಂಚಿನ ತುದಿಗೆ ಬಂದರು. ಕೆಂಪು ಗೆರೆ ಮುಟ್ಟಿತು. “ಸಾಕು ಮೇಡಂ,” ಯಾರೋ ಮೆಲ್ಲಗೆ ಅಂದರು. ಗೆರೆ ದಾಟಿತು. ಗಾಜು ಖಾಲಿಯಾಯಿತು.

“ಬರ್ನರ್ ಆರ್ಸಿ!” ಸ್ಟೀಮಕ್ಕ ಎದ್ದು ನಿಂತಳು.

ಗಾಬರಿಯಲ್ಲಿ ಮೇಡಂ ಬೆರಳು ಪಂಪಿನ ಗುಂಡಿಗೆ ಹೋಯಿತು.

“ನೀರು ಬಿಡ್ಬೇಡಿ! ಮೇಡಂ, ನೀರು ಬಿಡ್ಬೇಡಿ!” ಹನ್ನೆರಡು ಗಂಟಲು ಒಟ್ಟಿಗೆ ಕೂಗಿದವು. ಅಷ್ಟರಲ್ಲಿ ಕೆಂಪಗೆ ಕಾದ ಕೊಳವೆಗಳ ಮೇಲೆ ತಣ್ಣೀರು ಬಿದ್ದಾಗಿತ್ತು. ಪರದೆಯ ಮೇಲೆ ಬಾಯ್ಲರ್ ಢಮಾರ್ ಎಂದಿತು. ಚೂರುಗಳು ನಾಲ್ಕು ಮೂಲೆಗೂ ಹಾರಿದವು. ಡೇರಿಯಣ್ಣ ಬೆಂಚಿನ ಕೆಳಗೆ ಅವಿತಿದ್ದ. ಪಕ್ಕದ ತರಗತಿಯಿಂದ ಹೊಲಿಗೆ ಕಲಿಯುತ್ತಿದ್ದವರು ಬಾಗಿಲಿಗೆ ಬಂದು, ಏನಾಯಿತು ಎಂದು ವಿಚಾರಿಸಿದರು.

“ಏನಿಲ್ಲ, ನಮ್ಮ ಮೇಡಂ ಬಾಯ್ಲರ್ ಒಡೆದ್ರು,” ಎಂದ ಗಿರಣಿಯವನು.

ಮರುದಿನದಿಂದ ಆ ಅಭ್ಯಾಸಕ್ಕೆ ಸರದಿ ನಿಲ್ಲುವಂತಾಯಿತು. ಮೇಡಂ ಒಡೆದದ್ದನ್ನು ತಾವು ಉಳಿಸುತ್ತೇವೆಂದು ಎಲ್ಲರಿಗೂ ಹಟ. ನೀರನ್ನು ತಾವಾಗಿ ಇಳಿಸುವುದಕ್ಕೆ ಈಗಲೂ ಯಾರೂ ಒಪ್ಪಲಿಲ್ಲ. ಅದನ್ನು ಪ್ರತಿ ಸಲ ಮೇಡಂ ಕೈಯಲ್ಲೇ ಮಾಡಿಸುತ್ತಿದ್ದರು. ಐದನೇ ವಾರದ ತರಗತಿ ಪರೀಕ್ಷೆಯಲ್ಲಿ ಸ್ಟೀಮಕ್ಕನಿಗೆ ಇಪ್ಪತ್ತೊಂದು ಬಂತು.

ಪರೀಕ್ಷೆ ನಡೆದದ್ದು ಹನ್ನೆರಡನೇ ತಾರೀಕು, ಸೋಮವಾರ. ಬೆಳಿಗ್ಗೆ ಲಿಖಿತ, ಒಂದು ಗಂಟೆಯಲ್ಲಿ ನಲವತ್ತು ಪ್ರಶ್ನೆ. ಮಧ್ಯಾಹ್ನ ಮೌಖಿಕ, ಐವತ್ತು ಅಂಕ. ಎರಡರಲ್ಲೂ ಅರ್ಧ ದಾಟಬೇಕು. ಸ್ಟೀಮಕ್ಕ ಪ್ರಶ್ನೆಗಳ ಕೆಳಗೆ ಬೆರಳಿಟ್ಟು ಓದಿದಳು. ಅರ್ಧ ಪ್ರಶ್ನೆ ಓದುವಷ್ಟರಲ್ಲಿ ಪೈಪಿನ ಸದ್ದೋ ಪರದೆಯ ಮೇಲಿನ ಚಿತ್ರವೋ ಎದುರಿಗೆ ಬಂದು, ಉಳಿದರ್ಧ ತಾನಾಗಿ ಗೊತ್ತಾಗುತ್ತಿತ್ತು. ಗಂಟೆ ಹೊಡೆದಾಗ ಮೂವತ್ತನಾಲ್ಕು ಮುಗಿದಿತ್ತು. ಉಳಿದ ಆರನ್ನು ಹಾಗೇ ಬಿಟ್ಟು ಎದ್ದಳು. ಆ ಆರು ಮಧ್ಯಾಹ್ನದವರೆಗೂ ಅವಳ ತಲೆಯಲ್ಲಿ ಕೂತಿದ್ದವು.

ಮೌಖಿಕ ಪರೀಕ್ಷೆ ಮಾಡಿದ ಅಧಿಕಾರಿ ತೆಳ್ಳಗಿನ ಮನುಷ್ಯ. ಕನ್ನಡಕ ಮೂಗಿನ ತುದಿಯಲ್ಲಿತ್ತು. ಮುಖ ನೋಡದೆ ಪ್ರಶ್ನೆ ಕೇಳಿದರು.

“ಗೇಜ್ ಗ್ಲಾಸಿನಲ್ಲಿ ನೀರಿನ ಮಟ್ಟ ಕಾಣ್ತಾ ಇಲ್ಲ. ಏನರ್ಥ?”

“ಎರಡರ್ಥ ಸರ್. ಗಾಜು ಪೂರ್ತಿ ತುಂಬಿರಬಹುದು, ಪೂರ್ತಿ ಖಾಲಿ ಇರಬಹುದು. ಎರಡೂ ಒಂದೇ ಥರ ಕಾಣುತ್ತೆ.”

“ಹೇಗೆ ಕಂಡುಹಿಡೀತೀರಿ?”

“ಮೇಲಿನ ಸ್ಟೀಮ್ ಕಾಕ್ ಮುಚ್ಚಿ ಕೆಳಗಿನ ಡ್ರೈನ್ ತೆಗೀತೀನಿ. ನೀರು ಬಂದ್ರೆ ಒಳಗೆ ನೀರಿದೆ. ಬರೀ ಹಬೆ ಬಂದ್ರೆ ಇಲ್ಲ. ಆಗ ಮೊದಲು ಬರ್ನರ್ ಆರಿಸ್ತೀನಿ. ಹೊರಗಿನ ನೀರು ಒಂದು ಹನಿ ಬಿಡಲ್ಲ.”

ಅಧಿಕಾರಿ ಏನೋ ಬರೆದುಕೊಂಡರು. “ಪಂಪ್ ಗಾಳಿ ಎಳೀತಾ ಇದೆ ಅಂತ ಹೇಗೆ ಗೊತ್ತಾಗುತ್ತೆ?”

“ಸದ್ದಲ್ಲಿ ಸರ್.”

“ಎಂಥ ಸದ್ದು?”

ಪದಗಳನ್ನು ಹುಡುಕಿದಳು, ಸಿಗಲಿಲ್ಲ. ಮೇಜಿನ ಮೇಲಿದ್ದ ಗುಂಡುಸೂಜಿಯ ಡಬ್ಬಿ ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಗರಗರ ಅಲ್ಲಾಡಿಸಿದಳು. “ಇದಕ್ಕಿಂತ ಸ್ವಲ್ಪ ದಪ್ಪ. ಜಲ್ಲಿಕಲ್ಲು ಹಾಕಿದ ಹಾಗೆ. ಪೈಪ್‌ನಲ್ಲಿ ನೀರು ಬಡಿಯೋದು ಬೇರೆ ಸರ್, ಅದು ಹೀಗೆ,” ಎಂದು ಮೇಜಿಗೆ ಮುಷ್ಟಿಯಿಂದ ಎರಡು ಗುದ್ದಿದಳು. ಶಾಯಿ ಬಾಟಲಿ ನೆಗೆಯಿತು. ಹೊರಗಿದ್ದ ಗುಮಾಸ್ತ ಬಾಗಿಲು ತೆರೆದು ಇಣುಕಿದ.

ಅಧಿಕಾರಿ ಮೊದಲ ಬಾರಿ ತಲೆ ಎತ್ತಿ ನೋಡಿದರು. ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು, ತಾವೂ ಒಮ್ಮೆ ಅಲ್ಲಾಡಿಸಿ ಕೇಳಿದರು.

“ನಾನು ಕೆಲಸ ಕಲಿತ ಬಾಯ್ಲರ್ ಪಂಪೂ ಹೀಗೇ ಅಂತಿತ್ತು,” ಎಂದರು. ಆಮೇಲೆ ಇನ್ನೂ ಎಂಟು ಪ್ರಶ್ನೆ ಕೇಳಿದರು, ಪ್ರತಿ ಸಲವೂ ಮುಖ ನೋಡಿ.

ಫಲಿತಾಂಶದ ಪಟ್ಟಿ ಇಪ್ಪತ್ತನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ತರಬೇತಿ ಕೇಂದ್ರದ ಗೋಡೆಗೆ ಬಿತ್ತು. ಬಾಯ್ಲರ್ ಉರಿಯುತ್ತಿತ್ತು. “ನೀನು ಹೋಗು, ನಾನು ಇಲ್ಲಿರ್ತೀನಿ,” ಎಂದರು ದೊಡ್ಡ ಮೇಸ್ತ್ರಿ. ಅವಳು ನಾಲ್ಕು ಬೀದಿ ದಾಟಿ ನಡೆದೇ ಹೋದಳು. ಪಟ್ಟಿಯ ಮುಂದೆ ಮೇಡಂ ನಿಂತಿದ್ದರು. ಮುಖ ನೋಡಿದರೆ ಗೊತ್ತಾಗುತ್ತದೆಂದು ಅವಳು ಮೇಡಂ ಮುಖ ನೋಡಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿನಿಂದ ಒಂದೊಂದೇ ಸಂಖ್ಯೆ ಓದುತ್ತ ಬಂದಳು. ಒಂಬತ್ತನೆಯದು ಅವಳದು. ಲಿಖಿತ ಇಪ್ಪತ್ತನಾಲ್ಕು. ಮೌಖಿಕ ನಲವತ್ತಾರು. ಉತ್ತೀರ್ಣ.

“ಹನ್ನೆರಡರಲ್ಲಿ ಹನ್ನೊಂದು ಜನ ಅಕ್ಕ!” ಮೇಡಂ ಅವಳ ಎರಡೂ ಕೈ ಹಿಡಿದು ಅಲ್ಲಾಡಿಸಿದರು. “ಪಂಪ್ ರಿಪೇರಿಯವರ ಹೊಸ ತಂಡ ಸೋಮವಾರ ಶುರು. ಆ ನಾಲ್ಕು ಬುಟ್ಟಿ ಇನ್ನೊಂದು ತಿಂಗಳು ಇಲ್ಲೇ ಇರ್ಲಾ?”

“ಇಟ್ಕೊಳಿ, ಇಟ್ಕೊಳಿ. ಯಾರು ಬಿದ್ರು ಹನ್ನೆರಡರಲ್ಲಿ?”

“ಡೇರಿಯಣ್ಣ. ಒಂದು ಅಂಕಕ್ಕೆ.” ಮೇಡಂ ದನಿ ತಗ್ಗಿಸಿದರು. “ಲಿಖಿತದಲ್ಲಿ ನಿದ್ದೆ ಮಾಡಿಬಿಟ್ರಂತೆ.”

ವಾಪಸು ಬರುವಾಗ ಅವಳು ನಡೆಯಲಿಲ್ಲ, ಓಡಿದಳು. ಲಾಂಡ್ರಿಯ ಮಡಚುವ ಮೇಜಿನವರು ಕಿಟಕಿಯಿಂದ ನೋಡಿ, “ಏನಾಯ್ತೇ?” ಎಂದು ಕೂಗಿದರು. ಉಸಿರಿಲ್ಲದೆ ಕೈ ಮಾತ್ರ ಮೇಲೆತ್ತಿದಳು. ಒಳಗಿನಿಂದ ಎದ್ದ ಕೇಕೆ ಅಂಗಳದಾಚೆಗೂ ಕೇಳಿಸಿತು.

ದೊಡ್ಡ ಮೇಸ್ತ್ರಿ ಸ್ಟೂಲಿನ ಮೇಲೆ ಮಾಪಕ ನೋಡುತ್ತ ಕೂತಿದ್ದರು. ತಿರುಗಲಿಲ್ಲ.

“ಎಷ್ಟು?”

“ಇಪ್ಪತ್ನಾಲ್ಕು. ಬಾಯಲ್ಲಿ ನಲವತ್ತಾರು.”

“ಪತ್ರ ಯಾವಾಗ ಕೊಡ್ತಾರಂತೆ?”

“ಮುಂದಿನ ವಾರ. ಆದ್ರೆ ಪಟ್ಟಿ ಕೆಳಗೆ ಬರೆದಿದೆ, ಇವತ್ತಿಂದಾನೇ ಮಾನ್ಯ ಅಂತ. ನಾನೇ ಓದಿದೆ.”

ಮೇಸ್ತ್ರಿ ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ಎದ್ದರು. ಗೂಟದಲ್ಲಿದ್ದ ಅಂಗಿ ಹಾಕಿಕೊಂಡು ಗುಂಡಿ ಹಾಕಿದರು.

“ಎಲ್ಲಿಗೆ ಹೊರಟ್ರಿ?”

“ಕ್ಯಾಂಟೀನಿಗೆ. ಈ ಆಸ್ಪತ್ರೇಲಿ ಹತ್ತೊಂಬತ್ತು ವರ್ಷ ಆಯ್ತು, ಬಿಸಿ ಕಾಫಿ ಹೇಗಿರುತ್ತೆ ಅಂತ ನೋಡಿಲ್ಲ. ಇಲ್ಲಿಗೆ ಬರೋವಷ್ಟರಲ್ಲಿ ಆರಿರುತ್ತೆ.” ಬಾಗಿಲ ಹತ್ತಿರ ನಿಂತರು. “ಕೂತು ಕುಡಿದು ಬರ್ತೀನಿ. ಅರ್ಧ ಗಂಟೆ ಆಗಬಹುದು.”

“ಒಂದು ಗಂಟೆ ಆಗ್ಲಿ ಬಿಡಿ,” ಎಂದಳು ಸ್ಟೀಮಕ್ಕ. ಆಗಲೇ ಅವಳ ಕಣ್ಣು ಗೇಜ್ ಗ್ಲಾಸಿನ ಮೇಲಿತ್ತು. ನೀರು ಅರ್ಧಕ್ಕಿಂತ ಒಂದು ಬೆರಳು ಮೇಲಿತ್ತು, ಇರಬೇಕಾದಲ್ಲೇ.